ಮಕ್ಕಳ ಮತ್ತು ಹರೆಯದವರ ಮಾನಸಿಕ ಆರೋಗ್ಯ: ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಮೂರು ಜಿಲ್ಲೆಗಳಲ್ಲಿ ಶಾಲೆ, ಆಸ್ಪತ್ರೆ ಮತ್ತು ಮನೆಗಳ ನಡುವೆ ಓಡಾಡುವುದು ಸಮಾಜ ಕಾರ್ಯಕರ್ತೆಯಾಗಿ ನನ್ನ ಕೆಲಸ. ತಂದೆ ತಾಯಿ, ಶಿಕ್ಷಕರು, ಆಶಾ ಕಾರ್ಯಕರ್ತೆಯರು, ಕೆಲವೊಮ್ಮೆ ಮಕ್ಕಳೇ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಮಗುವಿನ ಜೀವಕ್ಕೆ ಅಪಾಯವಿದೆ ಎನಿಸಿದರೆ ಇದನ್ನು ಓದುತ್ತ ಕೂರಬೇಡಿ. 108 ಅಥವಾ 112ಕ್ಕೆ ಕರೆ ಮಾಡಿ, ಮಗುವನ್ನು ಒಂಟಿಯಾಗಿ ಬಿಡದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.

ಮಗು ಮೊದಲಿನಂತಿಲ್ಲ ಎನಿಸುತ್ತಿದೆ. ಮೊದಲು ಯಾರ ಬಳಿ ಹೋಗಬೇಕು?

ಯಾವ ಬಾಗಿಲು ಹತ್ತಿರವೋ ಅದನ್ನೇ ತಟ್ಟಿ. ಮಗು ಚಿಕ್ಕದಾಗಿದ್ದು ಮಾತು, ನಡೆ, ಆಟ ತಡವಾಗಿದ್ದರೆ ಅಂಗನವಾಡಿ ಕಾರ್ಯಕರ್ತೆಗೆ ಹೇಳಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ತಪಾಸಣೆ ಮಾಡಬೇಕು. ತೊಂದರೆ ಕಂಡ ಮಗುವನ್ನು ಅವರು ಜಿಲ್ಲಾ ಮಟ್ಟದ ಆರಂಭಿಕ ಚಿಕಿತ್ಸಾ ಕೇಂದ್ರಕ್ಕೆ ಕಳುಹಿಸುತ್ತಾರೆ. ಆದರೆ ತಂಡ ಬರುವ ದಿನಕ್ಕಾಗಿ ಕಾಯುವ ಅಗತ್ಯವಿಲ್ಲ, ನೀವೇ ಹೋಗಬಹುದು.

10ರಿಂದ 19 ವರ್ಷದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್‌ಗಳಿವೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಸಿಗುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯ ಮೂಲಕ ಮೊದಲೇ ವಿಚಾರಿಸಿ ಹೊರಡಿ. ಹಿರೇಕೆರೂರಿನ ಹಳ್ಳಿಯಿಂದ ಒಂದು ದಿನದ ಕೂಲಿ ಬಿಟ್ಟು ಬಂದವರು ಮುಚ್ಚಿದ ಕೊಠಡಿ ನೋಡಿ ವಾಪಸಾದರೆ ಮತ್ತೆ ಬರುವುದು ಕಷ್ಟ. ಇದಕ್ಕಿಂತ ಹೆಚ್ಚಿನ ನೆರವು ಬೇಕಾದರೆ ಗದಗ ಮತ್ತು ಹಾವೇರಿಯ ಸರ್ಕಾರಿ ವೈದ್ಯಕೀಯ ಸಂಸ್ಥೆಗಳು, ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಆಸ್ಪತ್ರೆ, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇವೆ.

ಎಲ್ಲಿಗೆ ಹೋದರೂ ಎದ್ದು ಬರುವ ಮುನ್ನ ಇಷ್ಟನ್ನು ಕೇಳಿ, ಚೀಟಿಯ ಮೇಲೆ ಬರೆಸಿಕೊಳ್ಳಿ: ಮುಂದೆ ಯಾರನ್ನು ನೋಡಬೇಕು, ಯಾವ ದಿನ, ನಡುವೆ ಅನುಮಾನ ಬಂದರೆ ಯಾರಿಗೆ ಫೋನ್ ಮಾಡಬೇಕು.

ಮನೆಯಿಂದ ಹೊರಡಲಾಗದಿದ್ದರೆ?

14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ತೆರೆದಿರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲಿ ಮಾತನಾಡಬಹುದು. ಮಗುವೇ ಕರೆ ಮಾಡಬಹುದು. ಹಿಂಸೆ, ಬಾಲಕಾರ್ಮಿಕತೆ, ಬಾಲ್ಯವಿವಾಹದಂತಹ ವಿಷಯವಾದರೆ ಮಕ್ಕಳ ಸಹಾಯವಾಣಿ 1098.

ಇಷ್ಟೆಲ್ಲ ವ್ಯವಸ್ಥೆ ಇರುವಾಗ ಮಕ್ಕಳು ಯಾಕೆ ಕೈತಪ್ಪಿ ಹೋಗುತ್ತಾರೆ?

ವ್ಯವಸ್ಥೆಗಳು ಬೇರೆ ಬೇರೆ ಇಲಾಖೆಗಳಲ್ಲಿ ಹಂಚಿಹೋಗಿವೆ. ವೈದ್ಯರು ಆರೋಗ್ಯ ಇಲಾಖೆಯವರು. ಶಾಲೆ, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿ, ಕ್ಷೇತ್ರ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯ ವಿಶೇಷ ಶಿಕ್ಷಕರು ಶಿಕ್ಷಣ ಇಲಾಖೆಯವರು. ಅಂಗನವಾಡಿ ಮತ್ತು ಮಕ್ಕಳ ರಕ್ಷಣಾ ಘಟಕ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರಿವೆ. ಹಾಸ್ಟೆಲ್ ಸಮಾಜ ಕಲ್ಯಾಣ ಇಲಾಖೆಯದ್ದಿರಬಹುದು. ಗ್ರಾಮ ಪಂಚಾಯಿತಿಯಲ್ಲಿ ಕೂರುವ ಪುನರ್ವಸತಿ ಕಾರ್ಯಕರ್ತರು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ವರದಿ ಮಾಡುತ್ತಾರೆ. ಪ್ರತಿಯೊಬ್ಬರೂ ತಮ್ಮ ರಿಜಿಸ್ಟರ್ ತುಂಬಿಸುತ್ತಾರೆ. ಮಗುವಿನ ಇಡೀ ಕಥೆ ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ.

ನವಲಗುಂದ ತಾಲ್ಲೂಕಿನ ಎಂಟನೇ ತರಗತಿಯ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಅವಳಿಗೆ ಪದೇ ಪದೇ ತಲೆನೋವು, ಶಾಲೆಯಲ್ಲಿ ಕಣ್ಣು ಕತ್ತಲೆಗಟ್ಟಿ ಬೀಳುವುದು. ಅಜ್ಜಿ ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಮುಂದೆ ಸುರಿದರು. ಬೇರೆ ಬೇರೆ ಊರಿನ ಓಪಿಡಿ ಚೀಟಿಗಳು, ರಕ್ತಪರೀಕ್ಷೆಯ ವರದಿ, ಕಣ್ಣಿನ ಆಸ್ಪತ್ರೆಯ ಚೀಟಿ, ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿಗಳು. ಎಲ್ಲ ಚೀಟಿಯಲ್ಲೂ ತಲೆನೋವು ಎಂದಿತ್ತು, ಮಾತ್ರೆ ಇತ್ತು. ಮರುದಿನ ಶಾಲೆಗೆ ಹೋದಾಗ ವರ್ಗ ಶಿಕ್ಷಕಿ ಹಾಜರಿ ಪುಸ್ತಕ ತೆರೆದರು. ದೀಪಾವಳಿಯವರೆಗೆ ಒಂದು ದಿನವೂ ತಪ್ಪಿಸದ ಹುಡುಗಿ, ಆಮೇಲೆ ವಾರಕ್ಕೆ ಎರಡು ಮೂರು ದಿನ ಗೈರು. ದೀಪಾವಳಿ ಮುಗಿಸಿ ಅವಳ ತಂದೆ ತಾಯಿ ಗೋವಾಕ್ಕೆ ದುಡಿಯಲು ಹೋಗಿದ್ದರು, ಅವಳನ್ನು ಅಜ್ಜಿಯ ಬಳಿ ಬಿಟ್ಟು. ವೈದ್ಯರಿಗೆ ಅದನ್ನು ಯಾರೂ ಹೇಳಿರಲಿಲ್ಲ. ಶಿಕ್ಷಕಿಗೆ ಅದು ಗೊತ್ತಿತ್ತು, ಆದರೆ ಯಾವ ವೈದ್ಯರೂ ಶಿಕ್ಷಕಿಯನ್ನು ಕೇಳಿರಲಿಲ್ಲ. ಆ ಚೀಲ ಮತ್ತು ಆ ಹಾಜರಿ ಪುಸ್ತಕ ಒಂದೇ ಮೇಜಿನ ಮೇಲೆ ಬಂದ ಮೇಲೆ ಚಿಕಿತ್ಸೆಯ ದಿಕ್ಕೇ ಬದಲಾಯಿತು.

ಹೊಸ ಕಟ್ಟಡ, ಹೊಸ ಯೋಜನೆ ಬರಲಿ, ಬೇಡ ಎನ್ನುವುದಿಲ್ಲ. ಆದರೆ ಇಂದು ಇರುವ ಜನರೇ ಒಬ್ಬರಿಗೊಬ್ಬರು ಫೋನ್ ಮಾಡಿದರೆ ಎಷ್ಟೋ ಮಕ್ಕಳ ಸಂಕಟ ತಿಂಗಳುಗಟ್ಟಲೆ ಮೊದಲೇ ತಿಳಿಯುತ್ತದೆ. ಒಂದು ಮಗುವಿಗೆ ಹೊಣೆ ಹೊತ್ತ ಒಬ್ಬರು ಇರಬೇಕು. ಅದು ಶಿಕ್ಷಕಿಯಾಗಿರಲಿ, ನರ್ಸ್ ಆಗಿರಲಿ, ಅಂಗನವಾಡಿ ಕಾರ್ಯಕರ್ತೆಯಾಗಿರಲಿ, 'ಈ ಮಗು ಮುಂದಿನ ಭೇಟಿಗೆ ಹೋಯಿತೇ' ಎಂದು ಕೇಳುವವರು ಒಬ್ಬರಿರಬೇಕು.

ಆ ಒಬ್ಬರು ಯಾರಾಗಬೇಕು, ಅವರು ಏನು ಮಾಡಬೇಕು?

ಮಗು ಯಾರನ್ನು ನಂಬುತ್ತದೆಯೋ ಅವರೇ ಆಗುವುದು ಒಳ್ಳೆಯದು. ಹುದ್ದೆ ದೊಡ್ಡದಿರಬೇಕೆಂದಿಲ್ಲ. ಅವರು ಚಿಕಿತ್ಸೆ ಕೊಡಬೇಕಿಲ್ಲ, ರೋಗದ ಹೆಸರು ಹೇಳಬೇಕಿಲ್ಲ. ಆಸ್ಪತ್ರೆಗೆ ಹೋಗುವ ಮುನ್ನ ಅರ್ಧ ಪುಟದ ಪತ್ರ ಬರೆದುಕೊಟ್ಟರೆ ಸಾಕು: ಯಾವಾಗಿನಿಂದ ಬದಲಾವಣೆ, ತರಗತಿಯಲ್ಲಿ ಏನು ಕಾಣುತ್ತದೆ, ಊಟ ನಿದ್ರೆ ಹೇಗಿದೆ, ಮನೆಯಲ್ಲಿ ಇತ್ತೀಚೆಗೆ ಏನಾಯಿತು. ಆ ಅರ್ಧ ಪುಟ ಹೊರರೋಗಿ ವಿಭಾಗದ ಗದ್ದಲದಲ್ಲಿ ವೈದ್ಯರಿಗೆ ಎಷ್ಟು ನೆರವಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮಗು ತನ್ನ ನೋವನ್ನು ಪ್ರತಿ ಕೊಠಡಿಯಲ್ಲೂ ಹೊಸದಾಗಿ ಹೇಳಿಕೊಳ್ಳುವ ಹಿಂಸೆಯೂ ತಪ್ಪುತ್ತದೆ.

ಮಗು ವಾಪಸು ಬಂದ ಮೇಲೆ ಚೀಟಿ ನೋಡಿ, ಮುಂದಿನ ದಿನಾಂಕ ಗುರುತು ಹಾಕಿಕೊಂಡು, ಹಿಂದಿನ ದಿನ ಮನೆಯವರಿಗೆ ನೆನಪಿಸಬೇಕು. ಮೊದಲ ಭೇಟಿಗೆ ಹೇಗೋ ಬರುತ್ತಾರೆ. ಎರಡನೆಯ, ಮೂರನೆಯ ಭೇಟಿಗೆ ಬಸ್ ಖರ್ಚು, ಸುಗ್ಗಿ, ಮನೆಯ ಹಿರಿಯರ ಬೇಸರ ಎಲ್ಲ ಅಡ್ಡ ಬರುತ್ತವೆ. ಮಗು ತಪ್ಪಿಹೋಗುವುದು ಹೆಚ್ಚಾಗಿ ಅಲ್ಲೇ.

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆಶಾ ಕಾರ್ಯಕರ್ತೆಯರ ಮಾಸಿಕ ಸಭೆ ಹೇಗೂ ನಡೆಯುತ್ತದೆ. ಅದರ ಕೊನೆಯ ಅರ್ಧ ಗಂಟೆಗೆ ಹತ್ತಿರದ ಶಾಲೆಯ ಒಬ್ಬ ಶಿಕ್ಷಕರನ್ನೂ ಅಂಗನವಾಡಿ ಮೇಲ್ವಿಚಾರಕಿಯನ್ನೂ ಕರೆಯಿರಿ ಎಂದು ವೈದ್ಯಾಧಿಕಾರಿಗಳಲ್ಲಿ ನಾನು ಹೋದಲ್ಲೆಲ್ಲ ಕೇಳಿಕೊಳ್ಳುತ್ತೇನೆ. ಮಕ್ಕಳ ಹೆಸರನ್ನು ಎಲ್ಲರೆದುರು ಎತ್ತಬೇಕಿಲ್ಲ. ಯಾವ ಮಗುವಿನ ಹೊಣೆ ಯಾರದು ಎಂಬುದನ್ನು ಸಂಬಂಧಪಟ್ಟವರು ಕುಳಿತು ನಿರ್ಧರಿಸಿದರೆ ಸಾಕು.

ಇದು ಎಷ್ಟೋ ಮಕ್ಕಳಲ್ಲಿ ಒಂದಿಬ್ಬರಿಗೆ ಬರುವ ತೊಂದರೆಯಲ್ಲವೇ?

ಅಲ್ಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಅಂದರೆ 50 ಮಕ್ಕಳಿರುವ ಪ್ರೌಢಶಾಲೆಯ ಕೊಠಡಿಯಲ್ಲಿ ಮೂರು ನಾಲ್ಕು ಮಕ್ಕಳು. ಹಿಂದಿನ ಬೆಂಚಿನಲ್ಲಿ ಗಲಾಟೆ ಮಾಡುವವನೂ ಅವರಲ್ಲೊಬ್ಬನಿರಬಹುದು, ಮುಂದಿನ ಬೆಂಚಿನಲ್ಲಿ ತುಟಿ ಬಿಚ್ಚದೆ ಕೂರುವವಳೂ ಇರಬಹುದು. ಆ ಎರಡನೆಯ ಮಗುವನ್ನು ನಾವು 'ಬಹಳ ಶಿಸ್ತಿನ ಹುಡುಗಿ' ಎಂದು ಹೊಗಳಿ ಸುಮ್ಮನಾಗುತ್ತೇವೆ.

ಧಾರವಾಡದ ಆಸ್ಪತ್ರೆಗೆ ಹೋದರೆ ಊರಲ್ಲಿ ಹುಚ್ಚರು ಎನ್ನುವುದಿಲ್ಲವೇ?

ಅನ್ನುವವರಿದ್ದಾರೆ. ಬ್ರಿಟಿಷರ ಕಾಲದಿಂದ ಅಲ್ಲೊಂದು ಮಾನಸಿಕ ಆಸ್ಪತ್ರೆ ಇದ್ದುದರಿಂದ ಈ ಭಾಗದಲ್ಲಿ ಊರಿನ ಹೆಸರನ್ನೇ ಹಂಗಿಸುವ ಮಾತಾಗಿ ಬಳಸುವ ಕೆಟ್ಟ ರೂಢಿ ಇದೆ. ಆ ಮಾತು ಎಷ್ಟು ಮಕ್ಕಳ ಚಿಕಿತ್ಸೆಯನ್ನು ತಡಮಾಡಿದೆ ಎಂದು ನೆನೆದರೆ ನನಗೆ ಸಿಟ್ಟು ಬರುತ್ತದೆ. ಇಂದು ಅದು ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆ. ಅಪಸ್ಮಾರ, ಮಾತಿನ ತೊಂದರೆ, ಕಲಿಕೆಯ ತೊಂದರೆ, ಆತಂಕ, ನಿದ್ರಾಹೀನತೆ ಎಂದು ಬರುವವರು ಹೊರರೋಗಿ ವಿಭಾಗದಲ್ಲಿ ತೋರಿಸಿಕೊಂಡು ಅದೇ ದಿನ ಮನೆಗೆ ಮರಳಬಹುದು. ಊರವರ ಬಾಯಿಗೆ ಅಂಜಿ ನಿಮ್ಮ ಮಗುವಿನ ಒಂದು ವರ್ಷವನ್ನು ಕಳೆಯಬೇಡಿ.

ಆದರೂ ಅಂಜಿಕೆ ಇದ್ದರೆ ತಾಲ್ಲೂಕು ಆಸ್ಪತ್ರೆಯಿಂದ ಆರಂಭಿಸಿ. ಅಲ್ಲಿ ಜ್ವರದವರು, ಬಸುರಿಯರು, ಎಲ್ಲರ ನಡುವೆ ನೀವೂ ಒಬ್ಬರು.

ಗುಡಿಗೆ, ದರ್ಗಾಕ್ಕೆ ಕರೆದುಕೊಂಡು ಹೋಗಬಾರದೇ?

ಹೋಗಿ. ಸಿದ್ಧಾರೂಢ ಮಠದಲ್ಲಿ ಸ್ವಲ್ಪ ಹೊತ್ತು ಕುಳಿತು ಬಂದರೆ ತಾಯಿಯ ಮನಸ್ಸು ಹಗುರಾಗುತ್ತದೆ ಎಂದರೆ ಅದು ಮಗುವಿಗೂ ಒಳ್ಳೆಯದೇ. ತಾಯಿತ ಕೈಯಲ್ಲಿದ್ದರೆ ಮಾತ್ರೆ ಕೆಲಸ ಮಾಡುವುದಿಲ್ಲ ಎಂದೇನಿಲ್ಲ. ಆದರೆ ದೆವ್ವ ಬಿಡಿಸುತ್ತೇನೆಂದು ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು, ಉಪವಾಸ ಕೆಡವುವುದು ಮಗುವಿನ ಮೇಲಿನ ಹಿಂಸೆ. ಮಾನಸಿಕ ಕಾಯಿಲೆ ಇರುವವರನ್ನು ಚಿಕಿತ್ಸೆಯ ಹೆಸರಿನಲ್ಲಿ ಯಾವ ರೀತಿಯಲ್ಲೂ ಸರಪಳಿಯಿಂದ ಕಟ್ಟುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಮೈಮೇಲೆ ಬಂದಂತೆ ಆಡುವ ಎಷ್ಟೋ ಹರೆಯದ ಹುಡುಗಿಯರ ಹಿಂದೆ ಯಾರಿಗೂ ಹೇಳಲಾಗದ ಒಂದು ಸಂಕಟ ಇರುತ್ತದೆ. ಒಲ್ಲದ ಮದುವೆಯ ಮಾತುಕತೆ ನಡೆಯುತ್ತಿರಬಹುದು. ಅದನ್ನು ಕೇಳುವವರು ಬೇಕು.

ನಾನು ಶಿಕ್ಷಕ. ನನ್ನ ಮಿತಿ ಎಲ್ಲಿಯವರೆಗೆ?

ನೋಡುವುದು, ಕೇಳುವುದು, ಜೋಡಿಸುವುದು ನಿಮ್ಮ ಕೆಲಸ. 2020ರಲ್ಲಿ ಆರಂಭವಾದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರಿಗೆ, ಸಾಧ್ಯವಾದಷ್ಟೂ ಒಬ್ಬ ಪುರುಷ, ಒಬ್ಬ ಮಹಿಳೆಗೆ, ಆರೋಗ್ಯ ರಾಯಭಾರಿಗಳಾಗಿ ತರಬೇತಿ ನೀಡುವ ವ್ಯವಸ್ಥೆ ಇದೆ. ನಿಮ್ಮ ಶಾಲೆಯಲ್ಲಿ ಅವರು ಯಾರು ಎಂದು ಮಕ್ಕಳಿಗೆ ಗೊತ್ತಿರಲಿ.

ಪೋಷಕರಿಗೆ ಹೇಳುವಾಗ 'ನಿಮ್ಮ ಮಗನಿಗೆ ಮಾನಸಿಕ ಸಮಸ್ಯೆ ಇದೆ' ಎಂದು ಆರಂಭಿಸಬೇಡಿ. ಕಂಡದ್ದನ್ನು ಹೇಳಿ: 'ಮೊದಲು ಮಧ್ಯಾಹ್ನ ಗೆಳೆಯರ ಜೊತೆ ಊಟಕ್ಕೆ ಕೂರುತ್ತಿದ್ದ, ಈಗ ಒಂಟಿಯಾಗಿ ಗೋಡೆ ಕಡೆ ಮುಖ ಮಾಡಿ ಕೂರುತ್ತಾನೆ. ಮನೆಯಲ್ಲಿ ಹೇಗಿದ್ದಾನೆ?' ಈ ಮಾತಿಗೆ ತಾಯಿ ತಾನಾಗಿಯೇ ಬಾಯಿ ಬಿಡುತ್ತಾಳೆ. ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು ಈ ಮಾತುಕತೆ ಬೇಡ. ಪಾಲಕರ ಸಭೆಯಲ್ಲಂತೂ ಬೇಡವೇ ಬೇಡ.

ಆಶಾ ನಮ್ಮ ಊರಿನವರೇ. ಹೇಳಿದರೆ ಗುಟ್ಟು ಉಳಿಯುತ್ತದೆಯೇ?

ಈ ಭಯ ನಿಜ. ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ ನಿಮ್ಮ ಚಿಕ್ಕಮ್ಮನೋ ಅತ್ತಿಗೆಯೋ ಆಗಿರುತ್ತಾರೆ. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕು ಎನ್ನುತ್ತದೆ, ಆರೋಗ್ಯ ಸಿಬ್ಬಂದಿ ಅದಕ್ಕೆ ಬದ್ಧರು. ಆದರೆ ಸೇವೆಗಳನ್ನು ಜೋಡಿಸುವುದೆಂದರೆ ಎಲ್ಲರಿಗೂ ಎಲ್ಲವನ್ನೂ ಹೇಳುವುದು ಎಂದು ನಮ್ಮಲ್ಲೇ ಕೆಲವರು ತಿಳಿದುಕೊಂಡಿದ್ದಾರೆ. ಅದು ಅಪಾಯ. ಶಿಕ್ಷಕರಿಗೆ ಬೇಕಾದದ್ದು ತರಗತಿಯಲ್ಲಿ ಏನು ಮಾಡಬೇಕು ಎಂಬುದಷ್ಟೇ: ಮೊದಲ ಬೆಂಚಿನಲ್ಲಿ ಕೂರಿಸಿ, ಜೋರಾಗಿ ಓದಲು ಒತ್ತಾಯಿಸಬೇಡಿ, ಗಾಬರಿಯಾದಾಗ ಹೊರಗೆ ಹೋಗಿಬರಲು ಬಿಡಿ. ರೋಗದ ಹೆಸರು ಅವರಿಗೆ ಬೇಕಿಲ್ಲ. ಆಶಾಗೆ ಬೇಕಾದದ್ದು ಮುಂದಿನ ಭೇಟಿಯ ದಿನಾಂಕ. ಯಾರಿಗೆ ಎಷ್ಟು ಹೇಳಬಹುದು ಎಂದು ಪೋಷಕರನ್ನೂ, ತಿಳಿವಳಿಕೆ ಬಂದ ಮಗುವನ್ನೂ ಮೊದಲೇ ಕೇಳಬೇಕು. ವಾಟ್ಸ್ಆ್ಯಪ್ ಗುಂಪಿನಲ್ಲಿ ಮಗುವಿನ ಹೆಸರು, ಫೋಟೊ, ಚೀಟಿ ಹಾಕಲೇಬಾರದು.

ಒಂದು ಅಪವಾದವಿದೆ. ಮಗು 'ಯಾರಿಗೂ ಹೇಳಬೇಡಿ' ಎಂದು ಜೀವದ ಅಪಾಯದ ಮಾತು ಹೇಳಿದರೆ ಅದನ್ನು ಒಳಗಿಟ್ಟುಕೊಳ್ಳುವಂತಿಲ್ಲ. 'ಇದನ್ನು ನಾನೊಬ್ಬಳೇ ಇಟ್ಟುಕೊಳ್ಳಲಾರೆ, ಯಾರಿಗೆ ಹೇಳೋಣ ಎಂದು ಇಬ್ಬರೂ ಸೇರಿ ನಿರ್ಧರಿಸೋಣ' ಎನ್ನಿ.

ಲೈಂಗಿಕ ದೌರ್ಜನ್ಯದ ವಿಷಯ ಹೊರಬಂದರೆ?

2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಡುವುದು ಅಪರಾಧ, ಶಾಲೆಯ ಮರ್ಯಾದೆಯ ಹೆಸರಿನಲ್ಲಿ ಮುಚ್ಚಿಟ್ಟರೂ ಅಷ್ಟೇ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಮಗು ಒಪ್ಪುವ ಜಾಗದಲ್ಲಿ, ಪೊಲೀಸರು ಸಮವಸ್ತ್ರವಿಲ್ಲದೆ ಪಡೆಯಬೇಕು. 1098 ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ಮಕ್ಕಳ ಕಲ್ಯಾಣ ಸಮಿತಿಯ ನೆರವು ಸಿಗುತ್ತದೆ. ನೀವೇ ವಿಚಾರಣೆ ನಡೆಸಬೇಡಿ, ಮಗುವನ್ನು ಮತ್ತೆ ಮತ್ತೆ ಕೇಳಬೇಡಿ.

ಮಗು 'ಸಾಯಬೇಕು ಅನಿಸುತ್ತದೆ' ಎಂದಿತು. ಸುಮ್ಮನೆ ಹೆದರಿಸಲು ಹೇಳಿದ್ದೇ?

ಹಾಗೆಂದು ಯಾವತ್ತೂ ಭಾವಿಸಬೇಡಿ. ಕುಳಿತು ನೇರವಾಗಿ ಕೇಳಿ: 'ಸಾಯುವ ಯೋಚನೆ ಬರುತ್ತಿದೆಯೇ? ಯಾವಾಗಿನಿಂದ?' ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿ ಸಿಗುತ್ತದೆ. ಬೈಯಬೇಡಿ, ಆಣೆ ಹಾಕಿಸಿಕೊಳ್ಳಬೇಡಿ. ಆ ದಿನವೇ ವೈದ್ಯರನ್ನು ಕಾಣಿಸಿ. ರಾತ್ರಿಯಾಗಿದ್ದರೆ 14416ಕ್ಕೆ ಮಾತನಾಡಿ, ಜೊತೆಯಲ್ಲೇ ಮಲಗಿ.

ನಮ್ಮದು ಹತ್ತಿ, ಮೆಣಸಿನಕಾಯಿ, ಗೋವಿನಜೋಳ ಬೆಳೆಯುವ ಸೀಮೆ. ಎಷ್ಟೋ ಮನೆಗಳಲ್ಲಿ ಬೆಳೆಗೆ ಹೊಡೆಯುವ ಔಷಧಿ ಕೈಗೆಟುಕುವಂತೆ ಇರುತ್ತದೆ. ಅದನ್ನು ಮನೆಯಿಂದ ಹೊರಗೆ ಬೀಗದಲ್ಲಿಡಿ, ಕೀಲಿ ನಿಮ್ಮ ಬಳಿ ಇರಲಿ. ಮನೆಯ ಎಲ್ಲ ಮಾತ್ರೆಗಳಿಗೂ ಇದೇ ಎಚ್ಚರಿಕೆ. ಆ ತೀವ್ರ ಗಳಿಗೆ ಬಹಳ ಸಲ ಬೇಗ ದಾಟಿಹೋಗುತ್ತದೆ, ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿರುವುದೇ ಜೀವ ಉಳಿಸುತ್ತದೆ.

ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆಗೆ ಹೋಗದವರಿದ್ದಾರೆ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಚಿಕಿತ್ಸೆ, ಆರೈಕೆ ಕೊಡಬೇಕು ಎನ್ನುತ್ತದೆ. ಆ ಭಯದಿಂದ ಒಂದು ನಿಮಿಷವನ್ನೂ ಕಳೆಯಬೇಡಿ.

ಎಸ್‌ಎಸ್‌ಎಲ್‌ಸಿ, ಪಿಯುಸಿ ಫಲಿತಾಂಶದ ದಿನ ಮಗುವನ್ನು ಮನೆಯಲ್ಲಿ ಒಂಟಿಯಾಗಿ ಬಿಡಬೇಡಿ. ಅದೇ ವರ್ಷ ಮತ್ತೊಮ್ಮೆ ಬರೆಯುವ ಅವಕಾಶವಿದೆ ಎಂಬುದನ್ನು ಫಲಿತಾಂಶಕ್ಕೆ ಮೊದಲೇ ಹೇಳಿಡಿ.

ಮಾತ್ರೆ ಆರಂಭಿಸಿದರೆ ಜೀವನಪೂರ್ತಿ ನುಂಗಬೇಕೇ?

ಎಲ್ಲ ಮಕ್ಕಳಿಗೂ ಮಾತ್ರೆಯೇ ಬೇಕಾಗುವುದಿಲ್ಲ. ಆಪ್ತಸಮಾಲೋಚನೆ, ಪೋಷಕರ ತರಬೇತಿ, ಶಾಲೆಯಲ್ಲಿ ಸಣ್ಣ ಬದಲಾವಣೆಗಳಿಂದಲೇ ಅನೇಕರು ಸುಧಾರಿಸುತ್ತಾರೆ. ಬೇಕಾದಾಗ ಎಷ್ಟು ಕಾಲ ಎಂಬುದು ಕಾಯಿಲೆಯ ಮೇಲೆ ಅವಲಂಬಿಸಿದೆ. ಸ್ವಲ್ಪ ಗುಣವಾಯಿತೆಂದು ನೀವೇ ನಿಲ್ಲಿಸಬೇಡಿ, ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಔಷಧಿಗಳು ಉಚಿತ.

ಒಳರೋಗಿಯಾಗಿ ಸೇರಿಸಿದರೆ ಮಗುವನ್ನು ನಮ್ಮಿಂದ ದೂರ ಇಡುತ್ತಾರೆಯೇ?

ಇಲ್ಲ. 18 ವರ್ಷದೊಳಗಿನವರನ್ನು ದೊಡ್ಡವರಿಂದ ಪ್ರತ್ಯೇಕವಾಗಿ ಇಡಬೇಕು, ಪೋಷಕರು ಅಥವಾ ಅವರು ನೇಮಿಸಿದವರು ಇಡೀ ಅವಧಿ ಜೊತೆಗಿರಬೇಕು. ಹುಡುಗಿಯ ಜೊತೆ ಮಹಿಳೆಯೇ ಇರಬೇಕು. ದಾಖಲಾತಿಯನ್ನು 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ತಿಳಿಸಬೇಕು.

ಮಗ ಬುದ್ಧಿವಂತ, ಆದರೆ ಓದು ಬರಹ ಬರುವುದಿಲ್ಲ. ಸೋಮಾರಿತನವೇ?

ಕಲಿಕಾ ನ್ಯೂನತೆ ಇರಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ, ಆಟಿಸಂ, ಬೌದ್ಧಿಕ ನ್ಯೂನತೆ, ಮಾನಸಿಕ ಅನಾರೋಗ್ಯ ಎಲ್ಲವೂ ಸೇರಿವೆ. ಪರೀಕ್ಷಿಸಿದ ಮೇಲೆ ಪ್ರಮಾಣಪತ್ರ ಸಿಕ್ಕರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಸಿಗುತ್ತಾರೆ. ಹತ್ತನೇ ತರಗತಿಯ ಜನವರಿಯಲ್ಲಿ ಓಡಾಡಿದರೆ ಕೈಗೂಡುವುದಿಲ್ಲ. ಎಂಟನೇ ತರಗತಿಗಿಂತ ಮೊದಲೇ ಬಿಆರ್‌ಸಿಯ ವಿಶೇಷ ಶಿಕ್ಷಕರನ್ನು ಕಂಡು ದಾರಿ ಕೇಳಿ.

ನಾನು ಧಾರವಾಡದಲ್ಲಿ ಕೋಚಿಂಗ್‌ಗೆ ಬಂದಿದ್ದೇನೆ. ಊರಿಗೆ ಹೇಳಲಾರೆ, ಇಲ್ಲಿ ಇರಲಾರೆ. ಏನು ಮಾಡಲಿ?

ಸಪ್ತಾಪುರದ ಬಾಡಿಗೆ ಕೋಣೆಗಳಲ್ಲಿ ನಿಮ್ಮಂತಹ ಎಷ್ಟೋ ಮಂದಿ ಇದ್ದಾರೆ. ಅಪ್ಪ ಹೊಲದ ಮೇಲೆ ಸಾಲ ಮಾಡಿದ್ದಾರೆ, ತಂಗಿಯ ಮದುವೆ ಬಾಕಿ ಇದೆ, ನೇಮಕಾತಿ ಅಧಿಸೂಚನೆ ಮುಂದಕ್ಕೆ ಹೋಗುತ್ತಲೇ ಇದೆ. ನಿದ್ರೆ ಬಾರದಿರುವುದು, ಗ್ರಂಥಾಲಯದಲ್ಲಿ ಒಂದೇ ಪುಟದ ಮುಂದೆ ಗಂಟೆಗಟ್ಟಲೆ ಕೂರುವುದು, ಊರಿನ ಫೋನ್ ಬಂದರೆ ಎದೆ ಡವಗುಟ್ಟುವುದು ನಿಮ್ಮ ದೌರ್ಬಲ್ಯವಲ್ಲ. ನಿಮಗೆ 18 ದಾಟಿದ್ದರೆ ಚಿಕಿತ್ಸೆಗೆ ಮನೆಯವರ ಸಹಿ ಬೇಕಿಲ್ಲ, ಊರಿಗೆ ತಿಳಿಯುವುದೂ ಇಲ್ಲ. ಡಿಮ್ಹಾನ್ಸ್ ಅದೇ ಊರಿನಲ್ಲಿದೆ, ಒಂದು ಬೆಳಿಗ್ಗೆ ಸಾಕು. ಕೋಣೆಯ ಗೆಳೆಯ ಹೀಗಾಗಿದ್ದಾನೆ ಎನಿಸಿದರೆ ಅವನ ಜೊತೆ ನೀವೇ ಹೋಗಿ ಸಾಲಿನಲ್ಲಿ ನಿಲ್ಲಿ.

ಮಗುವಿಗೆ 18 ತುಂಬಿದರೆ ಚಿಕಿತ್ಸೆ ಬದಲಾಗುತ್ತದೆಯೇ?

ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಲ್ಲಿಗೆ ಮುಗಿಯುತ್ತದೆ. ಒಪ್ಪಿಗೆ ಕೊಡುವವರು ಇನ್ನು ಮುಂದೆ ಅವರೇ, ತಮ್ಮ ಪರವಾಗಿ ಮಾತನಾಡುವ ಪ್ರತಿನಿಧಿಯನ್ನು ಆರಿಸಿಕೊಳ್ಳುವವರೂ ಅವರೇ. ಶಾಲೆ ಬಿಟ್ಟು ಕಾಲೇಜಿಗೆ, ಹಳ್ಳಿ ಬಿಟ್ಟು ಹಾಸ್ಟೆಲ್‌ಗೆ ಹೋಗುವುದೂ ಇದೇ ವಯಸ್ಸಿನಲ್ಲಿ, ಹಾಗಾಗಿ ಚಿಕಿತ್ಸೆ ನಿಂತುಹೋಗುವುದೂ ಆಗಲೇ ಹೆಚ್ಚು. 17ರಲ್ಲೇ ಹಳೆಯ ವೈದ್ಯರಿಂದ ಸಾರಾಂಶ ಪತ್ರ ಬರೆಸಿಕೊಳ್ಳಿ. ಹೊಸ ಊರಿನಲ್ಲಿ ಯಾರನ್ನು ಕಾಣಬೇಕು ಎಂಬುದನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಿ.

ನಾವು ದುಡಿಯಲು ಗೋವಾ, ಮಂಗಳೂರು ಕಡೆ ಹೋಗುತ್ತೇವೆ. ಚಿಕಿತ್ಸೆ ಹೇಗೆ ಮುಂದುವರಿಸುವುದು?

ಮುಂಡರಗಿ, ಶಿರಹಟ್ಟಿ ಕಡೆಯ ತಾಂಡಾಗಳಲ್ಲಿ ಈ ಪ್ರಶ್ನೆ ಪ್ರತಿ ಸಲ ಬರುತ್ತದೆ. ಹೊರಡುವ ದಿನಾಂಕವನ್ನು ವೈದ್ಯರಿಗೆ ಮೊದಲೇ ತಿಳಿಸಿ. ಅಷ್ಟು ದಿನಕ್ಕೆ ಮಾತ್ರೆ ಕೊಡಬಹುದೇ, ಅಲ್ಲಿ ಯಾವ ಸರ್ಕಾರಿ ಆಸ್ಪತ್ರೆಗೆ ತೋರಿಸಬಹುದು ಎಂದು ಕೇಳಿ. ಎಲ್ಲ ಚೀಟಿಗಳ ಫೋಟೊ ಮೊಬೈಲಿನಲ್ಲಿರಲಿ, ಮಾತ್ರೆಯ ಹೆಸರು ಕಾಣುವಂತೆ ಪಟ್ಟಿಯದ್ದೂ ಇರಲಿ. ಮಗುವನ್ನು ಊರಲ್ಲೇ ಬಿಟ್ಟು ಹೋಗುವುದಾದರೆ ಅಜ್ಜಿಯ ಜೊತೆಗೆ ಶಾಲೆಯ ಒಬ್ಬ ಶಿಕ್ಷಕರಿಗೂ ವಿಷಯ ಗೊತ್ತಿರಲಿ, ಅವರ ನಂಬರ್ ನಿಮ್ಮ ಬಳಿ, ನಿಮ್ಮ ನಂಬರ್ ಅವರ ಬಳಿ ಇರಲಿ. ವಾರದಲ್ಲಿ ಗೊತ್ತಾದ ಒಂದು ದಿನ, ಗೊತ್ತಾದ ಹೊತ್ತಿಗೆ ಮಗುವಿಗೆ ಫೋನ್ ಮಾಡಿ, ಆ ಹೊತ್ತನ್ನು ತಪ್ಪಿಸಬೇಡಿ.